ಒಳಕೋಣೆಯ ಹುತ್ತ

ನನ್ನ ಫೋನಿಗೆ ಬರುವ ಕರೆಗಳು ಹೆಚ್ಚುಕಡಿಮೆ ಹುಳಗಳದ್ದೇ. ಕಾಪು ಪೇಟೆಯಿಂದ ಹಿಡಿದು ಸಂತೆಕಟ್ಟೆಯ ಆಚೆಯವರೆಗೆ ಯಾರ ಅಕ್ಕಿ ಡಬ್ಬಿಗೆ ಇರುವೆ ಹತ್ತಿದರೂ, ಯಾರ ಅಡುಗೆಮನೆಯಲ್ಲಿ ಜಿರಲೆ ಹೆಚ್ಚಾದರೂ, "ಒಮ್ಮೆ ಕಿಟ್ಟಣ್ಣನನ್ನು ಕೇಳಿ ನೋಡುವ" ಎನ್ನುತ್ತಾರೆ. ನಾನು ಕೆಲಸ ಬಿಟ್ಟು ಬಹಳ ಕಾಲವಾಯಿತು. ಮದ್ದಿನ ಪಂಪು ಹೊರುವ ಶಕ್ತಿ ಈಗ ಬೆನ್ನಿಗೆ ಇಲ್ಲ. ಬಾಯಿಯಲ್ಲಿ ಹೇಳುವುದಕ್ಕೆ ಬೆನ್ನು ಬೇಡವಲ್ಲ, ಹೇಳುತ್ತೇನೆ. ಎಷ್ಟೋ ಮಂದಿಗೆ ಮದ್ದೇ ಬೇಡ ಎಂದು ಹೇಳಿ ಫೋನ್ ಇಡುತ್ತೇನೆ. ಮಣಿಪಾಲದ ಒಬ್ಬ ಅಮ್ಮ ಹಲ್ಲಿ ಸಾಯುವುದಕ್ಕೆ ಎಂತ ಹೊಡೆಯಬೇಕು ಎಂದು ಕೇಳಿದ್ದರು. "ಹಲ್ಲಿ ನಿಮ್ಮ ಮನೆಯಲ್ಲಿ ಸಂಬಳ ಇಲ್ಲದೆ ಕೆಲಸ ಮಾಡ್ತಾ ಉಂಟು ಅಮ್ಮ, ಅದನ್ನು ಯಾಕೆ ಬಿಡಿಸ್ತೀರಿ" ಎಂದೆ. ಅವರು ನಕ್ಕರು. ಹಲ್ಲಿ ಉಳಿಯಿತು.

ಶಾಲೆಗೆ ನಾನು ಹೆಚ್ಚು ಹೋದವನಲ್ಲ. ಮೊದಲು ಕಾಪುವಿನಲ್ಲಿ ಹುಳ ಹಿಡಿಯದ ಹಾಗೆ ದೋಣಿಗಳ ಹಲಗೆಗೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿಯುತ್ತಿದ್ದೆ. ಮರದ ದೋಣಿ ಕಡಿಮೆಯಾದ ಮೇಲೆ ಉಡುಪಿಯಲ್ಲಿ ಬೆಂಜಮಿನ್ ಎನ್ನುವವರ ಜೊತೆ ಸೇರಿದೆ. ಮನೆಗಳಿಗೆ ಗೆದ್ದಲಿನ, ನಮ್ಮ ಮಾತಿನಲ್ಲಿ ಒರಲೆಯ, ಮದ್ದು ಹಾಕುವುದು ಅವರ ಕಸುಬು. ಅವರು ಕಲಿಸಿದ್ದು ಒಂದೇ ಮಾತು: ಏನು ಕಂಡಿತೋ ಅದನ್ನು ಹೇಳು, ಗ್ಯಾರಂಟಿ ಎನ್ನುವ ಶಬ್ದ ಬಾಯಿಂದ ಬರಬಾರದು. ಬೇರೆ ಕಂಪೆನಿಯವರು ಹುಡುಕಿಕೊಂಡು ಬಂದು ಗ್ಯಾರಂಟಿ ಬರೆದುಕೊಡುತ್ತಿದ್ದರು. ಬೆಂಜಮಿನ್ ಕೊಡಲಿಲ್ಲ, ನಾನೂ ಕೊಡಲಿಲ್ಲ. ಜನ ನಮ್ಮನ್ನು ನಂಬಿದ್ದು ಅದಕ್ಕೇ ಎಂದು ಈಗ ಅನಿಸುತ್ತದೆ.

ಅಲೆವೂರಿನ ಸುಂದರ ಫೋನ್ ಮಾಡಿದ್ದು ಬೇಸಗೆ ಶುರುವಾಗುವಾಗ. ಅವನು ಕಾಪುವಿನ ಐಸ್ ಪ್ಲಾಂಟಿನಲ್ಲಿ ಲಾರಿ ಓಡಿಸುತ್ತಿದ್ದ ಕಾಲದಿಂದ ನನಗೆ ಗುರುತು. ಆಮೇಲೆ ಬಹರೈನಿಗೆ ಹೋಗಿ, ಅಲ್ಲಿಯೂ ಲಾರಿಯನ್ನೇ ಓಡಿಸಿ, ಬಂದು ಅಲೆವೂರಿನಲ್ಲಿ ಹಂಚಿನ ಮನೆ ಕಟ್ಟಿದ. ಎಲ್ಲರೂ ಸ್ಲ್ಯಾಬ್ ಹಾಕುವಾಗ ಇವನಿಗೆ ಮರದ ಮಾಡು ಬೇಕೆಂದು ಹಟ. ಕಾರ್ಕಳದ ಕಡೆ ಕೆಡವಿದ ಒಂದು ಮನೆಯ ಹಂಚು ಹೊರುವ ಪಕ್ಕಾಸು, ಅವನ್ನು ಹೊರುವ ಜಂತಿ, ಬಾಗಿಲಿನ ದಾರಂದಗಳನ್ನು ಲಾರಿಯಲ್ಲಿ ತಂದು ಹಾಕಿಸಿದ್ದ.

"ಕಿಟ್ಟಣ್ಣ, ನೀವೊಮ್ಮೆ ಬರಬೇಕು. ಫೋನಿನಲ್ಲಿ ಹೇಳುವ ಹಾಗಿಲ್ಲ."

"ಎಂತ, ಒರಲೆಯಾ?"

"ಒರಲೆಯೇ. ಆದರೆ ಬರೀ ಒರಲೆ ಅಲ್ಲ ಅಂತಾರೆ ಮನೆಯವರು."

ಉಡುಪಿಯಲ್ಲಿ ಬಸ್ಸು ಬದಲಿಸಿ ಹೋದೆ. ಸುಂದರ ನನ್ನನ್ನು ನೇರ ಒಳಗೆ ಕರೆಯಲಿಲ್ಲ. ಮೊದಲು ಬಾಗಿಲಿನ ದಾರಂದ ತೋರಿಸಿದ. ಹಲಸಿನ ಮರ, ಹೊರಗಿನಿಂದ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಹಪ್ಪಳದೊಳಗೆ ಹೋದ ಹಾಗೆ ಒಳಗೆ ಹೋಯಿತು.

"ಇನ್ನು ಒಳಗೆ ಬನ್ನಿ" ಎಂದ.

ಅಡುಗೆಮನೆಯ ಪಕ್ಕದ ಒಳಕೋಣೆ. ಮೂಲೆಯಲ್ಲಿ ಸಿಮೆಂಟಿನ ನೆಲ ಒಡೆದು ಹುತ್ತ ಎದ್ದಿತ್ತು. ನನ್ನ ಸೊಂಟದ ಎತ್ತರ. ಮೈತುಂಬಾ ಅರಿಶಿನ, ಬುಡದಲ್ಲಿ ಅಡಿಕೆಯ ಹಿಂಗಾರ, ಎದುರು ದೀಪ. ಹಾಲು ಸುರಿದ ಜಾಗ ಒದ್ದೆಯಾಗಿ ಹುಳಿ ವಾಸನೆ ಬರುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟಿದ್ದೆ. ಆದರೂ ಹೊಸ್ತಿಲು ದಾಟುವಾಗ ಕಾಲು ತಡೆಯಿತು. ಕೈ ಮುಗಿದೆ. ನಮ್ಮ ಊರಿನಲ್ಲಿ ಹುತ್ತ ಕಂಡು ಕೈ ಮುಗಿಯದೆ ಮುಂದೆ ಹೋಗುವವರು ಯಾರಿದ್ದಾರೆ? ಅದು ನಾಗನ ಜಾಗ.

ಕೈ ಇಳಿಸಿದ ಮೇಲೆ ಕಣ್ಣು ತನ್ನ ಕೆಲಸ ಮಾಡಿತು. ಹುತ್ತದ ಬೆನ್ನಿನಿಂದ ಮಣ್ಣಿನ ಗೆರೆಗಳು ಗೋಡೆ ಹತ್ತಿ ಹೋಗಿದ್ದವು. ಜಂತಿಗೆ ಮುಟ್ಟಿ, ಅಲ್ಲಿಂದ ಪಕ್ಕಾಸುಗಳಿಗೆ ಹಂಚಿಕೊಂಡಿದ್ದವು.

ಸುಂದರನ ಹೆಂಡತಿ ಸ್ವರ್ಣಲತಾ ಚಾ ತಂದಳು. ಬಸುರಿ ಎಂದು ನೋಡುವಾಗಲೇ ಗೊತ್ತಾಗುತ್ತಿತ್ತು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ ಎನ್ನುವುದು ನನಗೆ ತಿಳಿದಿತ್ತು. ಮಣಿಪಾಲದ ಆಸ್ಪತ್ರೆಗೆ ಹೋಗಿ ಬಂದು ಹೋಗಿ ಬಂದು ಸುಸ್ತಾಗಿದ್ದರು.

"ಇದು ಎದ್ದದ್ದು ಯಾವಾಗ ಮಗಾ?" ಎಂದು ಅವಳನ್ನು ಕೇಳಿದೆ.

"ಹೋದ ಮಳೆಗಾಲದಲ್ಲಿ. ಒಂದು ಮುಷ್ಟಿಯಷ್ಟು ಇತ್ತು. ಇವರು ಗುಡಿಸಿ ಹಾಕುವ ಅಂದರು. ಅತ್ತಿಗೆ ಬಂದು ನೋಡಿ ಮುಟ್ಟಬೇಡಿ ಅಂದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆವು. ನಾಗನ ಸಾನ್ನಿಧ್ಯ ಉಂಟು ಅಂತ ಬಂತು. ದಿನಾ ಹಾಲು, ಸೀಯಾಳ ಎರೆದೆ. ದೀಪಾವಳಿ ಕಳೆದ ಮೇಲೆ..." ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಅತ್ತಿಗೆ ಎಂದರೆ ಸುಂದರನ ಅಕ್ಕ ನಳಿನಾಕ್ಷಿ. ಪಕ್ಕದ ಮನೆಯೇ ಅವರದ್ದು. ನಾನು ಬಂದದ್ದು ಗೊತ್ತಾಗಿ ಅವರೂ ಬಂದು ಬಾಗಿಲಿನಲ್ಲಿ ನಿಂತಿದ್ದರು.

ನನಗೆ ಕಂಡದ್ದನ್ನು ಹೇಳಿದೆ. ಮನೆ ಕಟ್ಟುವಾಗ ಕಡಿದ ತೆಂಗಿನಮರದ ಕುತ್ತಿಯನ್ನು ಕೀಳದೆ ಅದರ ಮೇಲೆಯೇ ಮಣ್ಣು ತುಂಬಿಸಿದ್ದೀರಾ ಎಂದು ಕೇಳಿದೆ. ಹೌದು ಎಂದು ಸುಂದರ ತಲೆ ಅಲ್ಲಾಡಿಸಿದ. ಗೆದ್ದಲಿಗೆ ಅದು ಮೊದಲ ಊಟ. ಮೇಲಿನಿಂದ ದಿನಾ ಹಾಲು ಸೀಯಾಳದ ತಂಪು ಬೀಳುತ್ತಾ ಉಂಟು. ಹುತ್ತ ಅಗೆದು ಒಳಗಿನ ರಾಣಿಹುಳವನ್ನು ತೆಗೆಯಬೇಕು, ಕುತ್ತಿ ಕೀಳಬೇಕು, ಸುತ್ತ ಮದ್ದು ಇಳಿಸಬೇಕು. ಬಸುರಿ ಹೆಂಗಸು ಮದ್ದಿನ ಮನೆಯಲ್ಲಿ ಇರಲೇಬಾರದು, ಸ್ವಲ್ಪ ಕಾಲ ಬೇರೆ ಕಡೆ ಇರಬೇಕು. ಆಮೇಲೆ ಕೆಟ್ಟ ಮರಗಳನ್ನು ಬದಲಿಸಬೇಕು. ಈಗಲೇ ಮಾಡಿದರೆ ಅರ್ಧ ಮಾಡಾದರೂ ಉಳಿದೀತು. ಮಳೆಗಾಲ ದಾಟಿದರೆ ಹೇಳಲಾಗುವುದಿಲ್ಲ.

"ಕಡಲಿನವರಿಗೆ ಹುತ್ತದ ವಿಷಯ ಎಂತ ಗೊತ್ತು ಮಾರಾಯ್ರೆ" ಎಂದರು ನಳಿನಾಕ್ಷಿ. "ನೀವು ಬಂಗುಡೆ ಬೂತಾಯಿ ಮೀನು ನೋಡಿದವರು."

"ಹೌದಕ್ಕ. ಹುತ್ತಕ್ಕೆ ನಾನೂ ಕೈ ಮುಗಿದೆ. ನಾನು ಹೇಳಿದ್ದು ಮರದ ವಿಷಯ."

"ಹುತ್ತ ಬಿಟ್ಟು ಮರಕ್ಕೆ ಮಾತ್ರ ಮದ್ದು ಹಾಕಿ ಹಾಗಾದರೆ."

"ಮರಕ್ಕೆ ಹಾಕಿದ್ದು ಹುತ್ತಕ್ಕೂ ಹೋಗ್ತದೆ ಅಕ್ಕ. ತಿಂದ ಹುಳ ಮನೆಗೆ ತಕ್ಕೊಂಡು ಹೋಗ್ತದಲ್ಲ. ಕೈಯಲ್ಲಿ ಅಗೆಯದಿದ್ದರೂ ಕೊಂದ ಹಾಗೆಯೇ."

ಸುಂದರ ನಾಗನ ಪೂಜೆ ಮಾಡಿಸುವ ತಂತ್ರಿಗಳನ್ನೂ ಕೇಳಿದ್ದನಂತೆ. ಸಾನ್ನಿಧ್ಯವನ್ನು ಇಲ್ಲಿಂದ ಬಿಡಿಸಿ ನಾಗಬನಕ್ಕೆ ಸೇರಿಸುವ ಕ್ರಮ ಉಂಟು, ಆದರೆ ಬಸುರಿ ಇರುವ ಮನೆಯಲ್ಲಿ ಈಗ ಹುತ್ತ ಮುಟ್ಟುವುದು ಬೇಡ, ಹೆರಿಗೆಯಾಗಲಿ ಎಂದಿದ್ದರಂತೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬಸುರಿಯ ಗಂಡ ಹೊಸ ಮನೆಗೆ ಕಲ್ಲು ಸಹ ಹಾಕಬಾರದು ಎಂದು ನಮ್ಮ ಕಡೆ ಈಗಲೂ ನಡೆಸುತ್ತಾರೆ. ಗೆದ್ದಲಿಗೆ ಮಾತ್ರ ಇದು ಯಾವುದೂ ಗೊತ್ತಿಲ್ಲ.

ಸ್ವರ್ಣಲತಾ ಎಲ್ಲರ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ನನ್ನ ಹತ್ತಿರ ಬಂದಳು.

"ಕಿಟ್ಟಣ್ಣ, ನೀವು ಸುಳ್ಳು ಹೇಳುವವರಲ್ಲ ಅಂತ ಇವರು ಹೇಳಿದ್ದಾರೆ. ಇದನ್ನು ತೆಗೆದರೆ ಮಗುವಿಗೆ ಏನೂ ಆಗುವುದಿಲ್ಲ ಅಂತ ನೀವು ಹೇಳಿ. ನಾಳೆಯೇ ತೆಗೆಸುತ್ತೇನೆ. ಅತ್ತಿಗೆಯನ್ನೂ ಕೇಳುವುದಿಲ್ಲ, ತಂತ್ರಿಗಳನ್ನೂ ಕೇಳುವುದಿಲ್ಲ."

ನಾನು ಬಾಯಿ ತೆರೆದೆ. ಹೇಳಬೇಕಾದ ಮಾತು ಚಿಕ್ಕದು, ಏನೂ ಆಗುವುದಿಲ್ಲ ಮಗಾ ಎಂದರೆ ಆಯಿತು. ಆದರೆ ನನಗೆ ನೆನಪು ಹೆಚ್ಚು. ಕಾಪುವಿನ ದೀಪಸ್ತಂಭದ ದಾರಿಯಲ್ಲಿ ಒಬ್ಬರು ಹುತ್ತ ತೆಗೆಸಿ ಅಂಗಡಿ ಕಟ್ಟಿ, ಮೊಮ್ಮಕ್ಕಳನ್ನು ಆಡಿಸಿ, ನೆಮ್ಮದಿಯಲ್ಲಿ ಕಣ್ಣು ಮುಚ್ಚಿದ್ದನ್ನು ಕಂಡಿದ್ದೇನೆ. ಅದೇ ದಾರಿಯಲ್ಲಿ ಇನ್ನೊಂದು ಮನೆಯವರು ಹುತ್ತ ಒಡೆದ ವರ್ಷವೇ ಎಳೆ ಮಗು ಜ್ವರದಲ್ಲಿ ಹೋದದ್ದನ್ನೂ ಕಂಡಿದ್ದೇನೆ. ಆ ತಾಯಿ ಇವತ್ತಿಗೂ ಮೀನು ಮಾರ್ಕೆಟಿನಲ್ಲಿ ಸಿಗುತ್ತಾಳೆ. ಜ್ವರ ಆ ವರ್ಷ ಊರಿಗೇ ಬಂದಿತ್ತು ಎನ್ನುವುದು ಸರಿ. ಅವಳಿಗೆ ಅದನ್ನು ಹೇಳಿ ಪ್ರಯೋಜನವೇನು?

"ಮರದ್ದು ಕೇಳಿದರೆ ಹೇಳಬಲ್ಲೆ ಮಗಾ" ಎಂದೆ. "ಮಗುವಿನದ್ದು ನನಗೆ ಗೊತ್ತಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಹಾಗಾದರೆ ಇರಲಿ" ಎಂದು ಚಾದ ಲೋಟ ತೆಗೆದುಕೊಂಡು ಹೋದಳು.

ಆ ದಿನದಿಂದ ನನಗೆ ಮಾಡಲು ಉಳಿದದ್ದು ಸಣ್ಣಪುಟ್ಟ ಕೆಲಸ. ಹುತ್ತಕ್ಕೆ ಎರೆಯುವುದನ್ನು ಒಂದು ಚಮಚಕ್ಕೆ ಇಳಿಸಲು ಒಪ್ಪಿಸಿದೆ. ಗೆದ್ದಲು ಮುಟ್ಟದ ಮರಗಳಿಗೆ ಗೇರೆಣ್ಣೆ ಬಳಿಯಲು ಸುಂದರನಿಗೆ ಹೇಳಿಕೊಟ್ಟೆ. ಗೋಡೆಯ ಮಣ್ಣಿನ ಗೆರೆಗಳನ್ನು ಅವನು ದಿನಾ ಕೆರೆದು ತೆಗೆಯುತ್ತಿದ್ದ. ಬೆಳಗಾಗುವಾಗ ಅವು ಪುನಃ ಹೊಸ ಮಣ್ಣಿನಲ್ಲಿ ಒದ್ದೆಯಾಗಿ ನಿಂತಿರುತ್ತಿದ್ದವು. ಮಲಗುವ ಮಂಚವನ್ನು ಒಳಕೋಣೆಯ ಪಕ್ಕದ ಕೋಣೆಯಿಂದ ಚಾವಡಿಗೆ ಹಾಕಿಸಿದೆ. ಬಸ್ಸಿನಲ್ಲಿ ಹಿಂದೆ ಬರುವಾಗಲೆಲ್ಲ, ನಾನು ಮಾಡಿದ್ದು ನಾಳೆಗೆ ಉಳಿಯದ ಕೆಲಸ ಎಂದು ತಿಳಿದಿರುತ್ತಿತ್ತು.

ಬಯಕೆಯ ಶಾಸ್ತ್ರ ಮುಗಿದು ಸ್ವರ್ಣಲತಾ ಕಾರ್ಕಳದ ತಾಯಿಮನೆಗೆ ಹೋದಳು. ಹೋಗುವ ಮೊದಲು ಒಂದೇ ಮಾತು ಕೇಳಿಕೊಂಡಳಂತೆ, ಸಂಜೆ ದೀಪ ಹಚ್ಚಿ ಫೋನಿನಲ್ಲಿ ತೋರಿಸಬೇಕು ಎಂದು. ಲಾರಿ ಡ್ರೈವರ್ ಸುಂದರ ದಿನಾ ಸ್ನಾನ ಮಾಡಿ, ದೀಪ ಹಚ್ಚಿ, ವಿಡಿಯೋ ಕಾಲ್ ಮಾಡಿ ಹೆಂಡತಿಗೆ ಹುತ್ತ ತೋರಿಸುತ್ತಿದ್ದ.

ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅವನ ಫೋನ್ ಬಂತು. ಧ್ವನಿ ಬೇರೆಯೇ ಇತ್ತು.

"ಮನೆಯೊಳಗೆ ಕಾಲಿಡುವ ಹಾಗಿಲ್ಲ ಕಿಟ್ಟಣ್ಣ. ಬನ್ನಿ."

ಹೋಗಿ ನೋಡಿದರೆ ನೆಲವೆಲ್ಲ ರೆಕ್ಕೆ. ಮಳೆ ಬಿದ್ದ ಸಂಜೆ ಹುತ್ತ ಬಾಯಿ ತೆರೆದು ರೆಕ್ಕೆ ಬಂದ ಗೆದ್ದಲುಗಳು, ಮಳೆಹುಳಗಳು, ಎದ್ದಿದ್ದವು. ಹೊರಗಿನ ಹುತ್ತದಲ್ಲಾದರೆ ಅವು ಬಯಲಿಗೆ ಹಾರುತ್ತವೆ. ಇಲ್ಲಿ ಒಳಕೋಣೆಯಿಂದ ಚಾವಡಿಗೆ, ಚಾವಡಿಯಿಂದ ದೀಪಕ್ಕೆ. ಹಾಸಿಗೆ, ಅನ್ನದ ಪಾತ್ರೆ, ದೇವರ ಪಟದ ಹಿಂದೆ, ಎಲ್ಲ ಕಡೆ ಹೊಟ್ಟಿನ ಹಾಗೆ ರೆಕ್ಕೆ ಬಿದ್ದಿತ್ತು. ಸುಂದರ ಪೊರಕೆ ಹಿಡಿದು ನಡುವೆ ನಿಂತಿದ್ದ. ಗುಡಿಸಿದಷ್ಟೂ ಅವು ಗಾಳಿಗೆ ಎದ್ದು ಹಿಂದೆ ಬರುತ್ತಿದ್ದವು.

"ಅವಳು ಮನೆಯಲ್ಲಿ ಇಲ್ಲ" ಎಂದ ಅವನು. "ಈಗ ಬಸುರಿ ಇರುವ ಮನೆ ಅಲ್ಲ ಇದು, ಅಲ್ವಾ? ಗುದ್ದಲಿ ಹಿಡಿಯುವವರನ್ನು ಕರೆದಿದ್ದೇನೆ, ಮಧ್ಯಾಹ್ನ ಬರ್ತಾರೆ. ರಾಣಿಹುಳ ಎಲ್ಲಿರ್ತದೆ ಅಂತ ನೀವು ತೋರಿಸಿ. ಹೊರಗಿನ ಮಣ್ಣು ತಂದು ಅಲ್ಲಿಯೇ ಅದೇ ಆಕಾರ ಮಾಡಿ ಅರಿಶಿನ ಮೆತ್ತಿ ಇಡುವ. ಫೋನಿನಲ್ಲಿ ಅವಳಿಗೆ ಗೊತ್ತಾಗುವುದಿಲ್ಲ."

"ಅವಳನ್ನು ಕೇಳಿದ್ದೀಯಾ?"

"ಕೇಳಿದರೆ ಆಗ್ತದಾ?"

ನಾನು ಅವನ ಕೈಯಿಂದ ಪೊರಕೆ ತೆಗೆದುಕೊಂಡು ಗುಡಿಸತೊಡಗಿದೆ. ಅವನ ಮಾತಿನಲ್ಲಿ ನ್ಯಾಯ ಇತ್ತು. ಅವನು ಮರುಭೂಮಿಯಲ್ಲಿ ಲಾರಿ ಓಡಿಸಿ ಕಟ್ಟಿದ ಮನೆ. ಹುಟ್ಟುವ ಮಗು ಬಂದು ಮಲಗಬೇಕಾದ್ದು ಈ ಮಾಡಿನ ಕೆಳಗೆ. ಹುತ್ತ ತೆಗೆಯುವುದೇ ಸರಿ ಎಂದು ಮೊದಲ ದಿನ ಹೇಳಿದವನೂ ನಾನೇ.

ಅಷ್ಟರಲ್ಲಿ ಅವನ ಫೋನಿಗೆ ವಿಡಿಯೋ ಕಾಲ್ ಬಂತು. ಸ್ವರ್ಣಲತಾ. ಮಳೆ ಬಂತಾ, ಮನೆ ಸೋರುತ್ತದಾ ಎಂದು ಕೇಳಲು ಮಾಡಿದ್ದಳು. ಅವನು ಗಡಿಬಿಡಿಯಲ್ಲಿ ಫೋನ್ ತಿರುಗಿಸುವಾಗ ನಾನು ಕಂಡಿರಬೇಕು.

"ಕಿಟ್ಟಣ್ಣ ಬಂದಿದ್ದಾರಾ? ಯಾಕೆ?"

ಸುಂದರ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟ. ಪರದೆಯಲ್ಲಿ ಅವಳ ಮುಖ ಊದಿತ್ತು. ಹಿಂದೆ ತಾಯಿ ನಿಂತು ತಲೆಗೆ ಎಣ್ಣೆ ಹಚ್ಚುತ್ತಿದ್ದರು.

"ತೆಗೆಯುವುದಕ್ಕಾ?" ಎಂದು ಕೇಳಿದಳು.

"ಸುಂದರ ಹಾಗೆ ಹೇಳ್ತಾನೆ ಮಗಾ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾದರೆ ನನಗೆ ಸುಲಭವಾಗುತ್ತಿತ್ತು. "ಮೊನ್ನೆಯಿಂದ ಮಗು ಒಳಗೆ ಆಡುವುದು ಕಡಿಮೆಯಾಗಿದೆ" ಎಂದಳು. "ಡಾಕ್ಟರು ಬರಲು ಹೇಳಿದ್ದಾರೆ. ಈಗ ಹೊರಡುವುದು. ನೀವೇ ಹೇಳಿ ಕಿಟ್ಟಣ್ಣ. ಇವತ್ತು ತೆಗೆಯಬಹುದಾ? ನೀವು ಹೇಳಿದ ಹಾಗೆ ಮಾಡುವ."

ಸುಂದರ ನನ್ನ ಎದುರು ನಿಂತು ಎರಡೂ ಕೈ ಜೋಡಿಸಿದ. ಶಬ್ದವಿಲ್ಲದೆ ತುಟಿ ಆಡಿಸಿದ: ಹೌದು ಅನ್ನಿ.

"ನೀನು ಆಸ್ಪತ್ರೆಗೆ ಹೋಗಿ ಬಾ ಮಗಾ" ಎಂದೆ. "ಇವತ್ತು ಯಾರೂ ಏನೂ ಮುಟ್ಟುವುದಿಲ್ಲ."

ಫೋನ್ ಇಟ್ಟ ಮೇಲೆ ಸುಂದರ ಜಗಲಿಯಲ್ಲಿ ಕುಳಿತ. ಕಾಲಿಗೆ ಅಂಟಿದ ರೆಕ್ಕೆಗಳನ್ನು ಒಂದೊಂದೇ ಕಿತ್ತು ಹಾಕಿದ.

"ಒಂದು ಸುಳ್ಳು ಹೇಳಲಿಕ್ಕೆ ನಿಮಗೆ ಎಂತ ಕಷ್ಟ ಇತ್ತು?" ಎಂದ ಕೊನೆಗೆ. "ಬೇರೆ ಕಂಪೆನಿಯವರಾದರೆ ಬರೆದೇ ಕೊಡ್ತಿದ್ದರು."

"ಅವರನ್ನೇ ಕರೆಯಬಹುದಿತ್ತಲ್ಲ ಸುಂದರ."

"ಅವರು ಹೇಳಿದರೆ ಅವಳು ನಂಬಬೇಕಲ್ಲ ಮಾರಾಯ್ರೆ."

ಗುದ್ದಲಿಯವರು ಬಂದು, ಚಾ ಕುಡಿದು, ಹಿಂದೆ ಹೋದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಮಗು ಚೆನ್ನಾಗಿದೆ ಎಂದರಂತೆ. ಸಂಜೆ ಸುಂದರ ದೀಪ ಹಚ್ಚಿ ತೋರಿಸಿದ.

ಮಳೆಗಾಲವಿಡೀ ಮಾಡು ಇಳಿಯುತ್ತಾ ಬಂತು. ಒಳಕೋಣೆಯ ಜಂತಿ ಮೊದಲು ಬಾಗಿತು. ಹಂಚು ಸರಿದು ನೀರು ಇಳಿಯಿತು. ನೀರು ಇಳಿದಲ್ಲಿ ಗೆದ್ದಲು ಇನ್ನೂ ಬೇಗ ಓಡಿತು. ಸ್ಲ್ಯಾಬ್ ಹಾಕುವವರಿಂದ ಕಬ್ಬಿಣದ ಜಾಕಿಗಳನ್ನು ತರಿಸಿ ಜಂತಿಯ ಕೆಳಗೆ ಕೊಡಿಸಿದೆ. ಮನೆಯೊಳಗೆ ನಡೆಯುವಾಗ ಈಗ ಆ ಕಂಬಗಳ ನಡುವೆ ಸೊಂಟ ತಿರುಗಿಸಿ ನಡೆಯಬೇಕಿತ್ತು. ನಾಗರ ಪಂಚಮಿಗೆ ಅಕ್ಕಪಕ್ಕದವರೂ ಹಾಲು ಹಿಡಿದು ಬಂದರು. ಬೇಡ ಎನ್ನಲು ಸುಂದರನಿಗೆ ಆಗಲಿಲ್ಲ. ಚೊಂಬು ಚೊಂಬು ಹಾಲು ಹುತ್ತದ ಮೇಲೆ ಬೀಳುವುದನ್ನು ನಾನು ಜಾಕಿ ಹಿಡಿದು ನಿಂತು ನೋಡಿದೆ. ನನ್ನ ಒಂದು ಚಮಚದ ಲೆಕ್ಕ ಅಲ್ಲಿಗೆ ಮುಗಿಯಿತು.

ಪಂಚಮಿ ಕಳೆದು ಬರುವ ಸೋಣ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖ. ಸುಂದರ ಫೋನಿನಲ್ಲಿ ಅತ್ತ. ನನಗೂ ಕಣ್ಣು ತುಂಬಿತು. ಸುದ್ದಿ ಕೇಳಿದ ಗಳಿಗೆಯಲ್ಲಿ ಇನ್ನು ತಂತ್ರಿಗಳನ್ನು ಕರೆಯಬಹುದು, ಕ್ರಮದಲ್ಲಿ ಹುತ್ತವನ್ನು ಬಿಡಿಸಬಹುದು, ಚಾವಡಿಯ ಮಾಡಾದರೂ ಉಳಿದೀತು ಎಂದು ನಾನು ಲೆಕ್ಕ ಹಾಕಿದ್ದೆ. ಹೆರಿಗೆಯಾಗಲಿ ಎಂದೇ ಅಲ್ಲವೇ ಎಲ್ಲರೂ ಕಾದದ್ದು.

ಸುಂದರ ಅದೇ ಮಾತನ್ನು ಕಾರ್ಕಳದಲ್ಲಿ ಹೆಂಡತಿಯ ಹತ್ತಿರ ಎತ್ತಿದನಂತೆ. ಅವಳು ಮಗುವಿಗೆ ಹಾಲು ಕೊಡುತ್ತಾ, "ಕೊಟ್ಟವನನ್ನು ಕೊಟ್ಟಾದ ಮೇಲೆ ಮನೆಯಿಂದ ಹೊರಗೆ ಹಾಕುವುದು ಹೇಗೆ?" ಎಂದಳಂತೆ.

"ನಾನು ಎಂತ ಉತ್ತರ ಕೊಡಬೇಕು ಕಿಟ್ಟಣ್ಣ?" ಎಂದು ಸುಂದರ ನನ್ನನ್ನು ಕೇಳಿದ.

ಬಾಣಂತನ ಮುಗಿಸಿ ಅವಳು ಅಲೆವೂರಿಗೆ ಬರುವ ದಿನ ನನಗೂ ಬರಲು ಹೇಳಿದ್ದರು. ಕಾರು ಇಳಿದವಳೇ, ಆರತಿ ಎತ್ತಿದ ಮೇಲೆ, ಮಗುವನ್ನು ಅತ್ತಿಗೆಯ ಕೈಗೆ ಕೊಟ್ಟು ನನ್ನನ್ನು ಕರೆದಳು. ಕೈಯಲ್ಲಿ ತಾಯಿಮನೆಯಿಂದ ತಂದ ತೊಟ್ಟಿಲಿನ ಹಗ್ಗ ಇತ್ತು.

"ತೊಟ್ಟಿಲು ಯಾವ ಪಕ್ಕಾಸಿಗೆ ಕಟ್ಟಲಿ? ನೀವು ತೋರಿಸಿದ್ದಕ್ಕೇ ಕಟ್ಟುವುದು ಅಂತ ಇದ್ದೇನೆ."

ಏಣಿ ಇಡಿಸಿ ಹತ್ತಿದೆ. ಕೆಳಗೆ ಸುಂದರ ಏಣಿ ಹಿಡಿದ. ಒಳಕೋಣೆಯದ್ದನ್ನು ನೋಡುವ ಅಗತ್ಯವೇ ಇರಲಿಲ್ಲ. ಚಾವಡಿಯ ಒಂದೊಂದನ್ನೂ ಬಾಗಿಲ ಕಡೆಯಿಂದ ಮುಟ್ಟುತ್ತಾ ಬಂದೆ. ಉಗುರು ಊರಿದಲ್ಲೆಲ್ಲ ಹುಡಿ ಉದುರಿತು. ಅವಳು ಮುಖ ಮೇಲೆತ್ತಿ ನಿಂತಿದ್ದಳು. ಹುಡಿ ಅವಳ ಕೂದಲಿನ ಮೇಲೆ ಬಿತ್ತು. ಒಂದು ಪಕ್ಕಾಸು ಗಟ್ಟಿ ಸಿಕ್ಕಿತು ಎಂದುಕೊಂಡು ಅದರ ಬುಡಕ್ಕೆ ಹೋದರೆ, ಗೋಡೆಯ ಮೇಲೆ ಕೂರುವ ತುದಿಯೇ ಇರಲಿಲ್ಲ. ಬರೀ ಮಣ್ಣು, ಮರದ ಆಕಾರದಲ್ಲಿ.

ಇಳಿದು ಬಂದೆ.

"ಯಾವುದಕ್ಕೂ ಬೇಡ ಮಗಾ."

"ಒಂದಕ್ಕೂ?"

"ಒಂದಕ್ಕೂ. ತೊಟ್ಟಿಲು ಮಾತ್ರ ಅಲ್ಲ. ಮಗು ಈ ಮಾಡಿನ ಕೆಳಗೆ ಮಲಗುವುದೇ ಬೇಡ."

"ಇದನ್ನು ಗ್ಯಾರಂಟಿ ಹೇಳ್ತೀರಾ?" ಅವಳು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದು.

"ಹೌದು, ಗ್ಯಾರಂಟಿ" ಎಂದೆ. ನನ್ನ ಬಾಯಿಂದ ಆ ಮಾತು ಮೊದಲ ಸಲ ಹೊರಟಿತು.

ನಳಿನಾಕ್ಷಿ ಮಗುವನ್ನು ಎದೆಗೆ ಒತ್ತಿಕೊಂಡು ಮಾಡಿನ ಕಡೆ ನೋಡಿದರು. ಆಮೇಲೆ ಮೆಲ್ಲ, "ನಮ್ಮಲ್ಲಿ ಇರಲಿ ಮಕ್ಕಳೇ, ಜಾಗ ಉಂಟು" ಎಂದರು. ಸುಂದರ ಏಣಿಯನ್ನು ಬಿಟ್ಟಿರಲಿಲ್ಲ. ಯಾರೂ ಇಲ್ಲದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, ತಾನು ಕಾರ್ಕಳದಿಂದ ತಂದ ಮರಗಳನ್ನು ನೋಡುತ್ತಿದ್ದ.

ಸ್ವರ್ಣಲತಾ ಹಗ್ಗವನ್ನು ಸುತ್ತಿ ಬುಟ್ಟಿಯಲ್ಲಿಟ್ಟಳು. ಅತ್ತಿಗೆಯಿಂದ ಮಗುವನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು.

"ಸ್ವಲ್ಪ ಹಿಡ್ಕೊಳ್ಳಿ ಕಿಟ್ಟಣ್ಣ. ದೀಪ ಇಟ್ಟು ಬರ್ತೇನೆ. ನಾನು ಬಂದದ್ದು ಹೇಳಬೇಕಲ್ಲ ಅಲ್ಲಿ."

"ಅಲ್ಲಿ ಜಂತಿ..." ಎಂದೆ.

"ಗೊತ್ತುಂಟು" ಎಂದು ಜಾಕಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಳು. ಸುಂದರ ಏಣಿ ಬಿಟ್ಟು ಅವಳ ಹಿಂದೆ ಹೋಗಿ, ಒಳಕೋಣೆಯ ಬಾಗಿಲಲ್ಲಿ ನಿಂತು, ಬಾಗಿದ ಜಂತಿಯ ಕೆಳಗೆ ತನ್ನ ಅಂಗೈ ಕೊಟ್ಟ.

ಮಗು ಬೆಚ್ಚಗಿತ್ತು. ನಾನು ಅದನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದೆ. ಬಿಸಿಲು ಇತ್ತು, ಮುಖಕ್ಕೆ ಹೆಗಲ ಬೈರಾಸಿನ ನೆರಳು ಮಾಡಿದೆ. ಒಳಗಿನಿಂದ ಬೆಂಕಿಕಡ್ಡಿ ಗೀರುವ ಸದ್ದು ಕೇಳಿತು, ಒಂದು ಕಡ್ಡಿ ಹೊತ್ತಲಿಲ್ಲ, ಇನ್ನೊಂದು ಗೀರಿದಳು.

"ಬಿಸಿಲಿಗೆ ಯಾಕೆ, ಜಗಲಿಗೆ ಬನ್ನಿ" ಎಂದು ನಳಿನಾಕ್ಷಿ ಮಾಡಿನ ಅಂಚಿನ ಕೆಳಗಿನಿಂದ ಕರೆದರು.

"ಇಲ್ಲಿಯೇ ಇರ್ತೇನೆ ಅಕ್ಕ" ಎಂದೆ.